ಪೆರಾಲ್ಟನ ಉಗುರುಬಣ್ಣ

ಕೆಡ್ರನ್, ಅಯೋವಾ
ಜೂನ್ 3, 1974

ರಸೆಲ್ ಡಿಟ್ಮರ್‌ಗೆ,

ಇಪ್ಪತ್ತೆರಡು ವರ್ಷ ಊರೂರಿನ ಆಟ ನೋಡಿ ಫೋನಿನಲ್ಲಿ ಹೇಳಿದ್ದೇನೆ. ಈ ಹುಡುಗ ಆಗುತ್ತಾನೆ, ಈ ಹುಡುಗ ಆಗುವುದಿಲ್ಲ. ಎರಡೇ ಮಾತು, ಮುಗೀತು. ನೀನು ಆಯ್ಕೆ ಮುಖ್ಯಸ್ಥನ ಕುರ್ಚಿಗೆ ಬಂದು ಮೂರು ತಿಂಗಳಾಗಿಲ್ಲ, ಈಗ ಎಲ್ಲ ಬರೆದು ಕಳಿಸಬೇಕಂತೆ, ಕಾರಣ ಸಮೇತ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನ ಕೈಗೆ ಪೆನ್ನು ಕೊಡುತ್ತೀಯಲ್ಲ, ನಿನಗಾದರೂ ನಾಚಿಕೆ ಆಗಬೇಕು. ನನ್ನ ಬಲಗೈ ನೀನು ನೋಡಿರುವುದೇ. ಇಪ್ಪತ್ತು ವರ್ಷ ಬೇಸ್‌ಬಾಲಿನಲ್ಲಿ ಕ್ಯಾಚರ್ ಆಗಿ, ಬ್ಯಾಟ್ ಹಿಡಿದವನ ಹಿಂದೆ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿದವನ ಕೈ. ಐದು ಬೆರಳು ಐದು ಊರಿನ ಕಡೆ ನೋಡುತ್ತವೆ. ಪೆನ್ನು ನಿಲ್ಲುವುದಿಲ್ಲ. ಇಷ್ಟು ಬರೆಯುವುದರಲ್ಲಿ ಮುಂಜಾನೆಯೆಲ್ಲ ಹೋಯಿತು.

ನನ್ನ ಕಾಗದಗಳನ್ನು ನಿನ್ನ ಆಫೀಸಿನ ಮಿಸ್ ಒಡೆಲ್ ತಪ್ಪು ತಿದ್ದಿ ಟೈಪ್ ಮಾಡುತ್ತಾಳಂತೆ. ತಾಯಿ, ಕಾಗುಣಿತ ಬೇಕಾದರೆ ತಿದ್ದು. ಬೈಗುಳ ತಿದ್ದಬೇಡ.

ಇನ್ನು ವಿಷಯ. ಇಲ್ಲಿ ಕ್ಯಾಚರ್‌ಗಳು ಇಬ್ಬರು. ಒಬ್ಬ ಟೆರಿ ಲಂಡ್‌ಗ್ರೆನ್, ಹತ್ತೊಂಬತ್ತು, ಮಿನೆಸೋಟದವನು, ಕೋಣದಂಥ ಮೈ. ಎದುರಾಳಿ ಮೊದಲ ಬೇಸಿನಿಂದ ಎರಡನೇ ಬೇಸಿಗೆ ಕದ್ದು ಓಡಿದಾಗ, ಅವನು ಮುಟ್ಟುವ ಮೊದಲೇ ಕ್ಯಾಚರ್ ಅಲ್ಲಿಗೆ ಚೆಂಡು ಎಸೆಯಬೇಕು; ಆಗ ನಾನು ಸ್ಟಾಪ್‌ವಾಚ್ ಒತ್ತುತ್ತೇನೆ: ಚೆಂಡು ಇವನ ಗ್ಲೌಸಿಗೆ ಬಡಿದ ಸದ್ದಿನಿಂದ ಅಲ್ಲಿ ನಿಂತವನ ಗ್ಲೌಸಿಗೆ ಬಡಿದ ಸದ್ದಿನವರೆಗೆ. ಒಂದು ಪಾಯಿಂಟ್ ಒಂಬತ್ತು ಸೆಕೆಂಡ್. ಮೂರು ಸಲ ಒತ್ತಿದೆ, ಮೂರು ಸಲವೂ ಅಷ್ಟೇ. ನಿಮ್ಮ ಅಂಕಪಟ್ಟಿ ಇಪ್ಪತ್ತರಿಂದ ಎಂಬತ್ತರವರೆಗಂತೆ. ಸೊನ್ನೆಯಿಂದ ನೂರು ಇಟ್ಟಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತೋ. ಇರಲಿ, ಅವನ ಕೈಗೆ ಎಪ್ಪತ್ತು ಕೊಡು.

ಇನ್ನೊಬ್ಬ ಎಲಾದಿಯೊ ಪೆರಾಲ್ಟ, ಇಪ್ಪತ್ತೊಂದು, ಡೊಮಿನಿಕನ್ ದೇಶದವನು, ಕಡ್ಡಿ. ಎರಡು ಪಾಯಿಂಟ್ ಎರಡು ಸೆಕೆಂಡ್. ಅಷ್ಟರಲ್ಲಿ ಓಡಿದವನು ಬೇಸಿನ ಮೇಲೆ ನಿಂತು ಪ್ಯಾಂಟಿನ ಧೂಳು ಕೊಡವಿಕೊಂಡಿರುತ್ತಾನೆ. ಕೈಗೆ ನಲವತ್ತು, ಬ್ಯಾಟಿಗೆ ಮೂವತ್ತೈದು, ಓಟಕ್ಕೆ ಮೂವತ್ತು. ಇಂಗ್ಲಿಷ್ ಹನ್ನೆರಡು ಮಾತು ಬರುತ್ತದೆ; ಅದರಲ್ಲಿ ಏಳು ಇಲ್ಲಿನ ಮ್ಯಾನೇಜರ್ ಗಸ್ ಮರ್ಡಾಕ್ ಕಲಿಸಿದ ಕೆಟ್ಟ ಮಾತು.

ಲಂಡ್‌ಗ್ರೆನ್‌ನನ್ನು ತೆಗೆದುಕೋ. ಇನ್ನು ಬರೆಯಲು ಏನೂ ಇಲ್ಲ.

ಓರಿನ್ ಹ್ಯಾಸ್ಕೆಲ್


ಜೂನ್ 10, 1974

ಮಾನ್ಯ ಹ್ಯಾಸ್ಕೆಲ್ ಅವರಿಗೆ,

ನಿಮ್ಮ ವರದಿ ತಲುಪಿತು. ಆಗಸ್ಟ್ ಕೊನೆಗೆ ಮೇಲಿನ ತಂಡದಲ್ಲಿ ಒಬ್ಬ ಕ್ಯಾಚರ್‌ಗೆ ಜಾಗ ತೆರವಾಗುತ್ತದೆ. ಲಂಡ್‌ಗ್ರೆನ್ ಆಯ್ಕೆಯಾಗದಿದ್ದರೆ ಕೆಡ್ರನ್‌ನಲ್ಲೇ ಇನ್ನೊಂದು ವರ್ಷ ಆಡುತ್ತಾನೆ. ಪೆರಾಲ್ಟ ಆಯ್ಕೆಯಾಗದಿದ್ದರೆ ಅವನನ್ನು ಕೈಬಿಡುತ್ತೇವೆ. ವೀಸಾ ಮುಗಿಯುತ್ತದೆ, ಊರಿಗೆ ಹೋಗುತ್ತಾನೆ. ಹಾಗಾಗಿ ನನಗೆ ಇದಕ್ಕಿಂತ ಹೆಚ್ಚು ಬೇಕು.

ಸ್ಕೋರ್ ಪುಸ್ತಕದಲ್ಲಿ ಒಂದು ವಿಚಿತ್ರ ಕಂಡೆ. ನಮ್ಮ ಭರವಸೆಯ ಎಸೆತಗಾರ, ಪಿಚರ್ ಕ್ಯಾಲ್ ಬ್ರೂಡರ್, ಲಂಡ್‌ಗ್ರೆನ್ ಕ್ಯಾಚರ್ ಆಗಿದ್ದ ನಾಲ್ಕು ಪಂದ್ಯಗಳಲ್ಲಿ ಮೂರು ಸೋತಿದ್ದಾನೆ. ಪೆರಾಲ್ಟ ಇದ್ದ ನಾಲ್ಕೂ ಗೆದ್ದಿದ್ದಾನೆ. ಬೇರೆ ಪಿಚರ್‌ಗಳಲ್ಲಿ ಈ ವ್ಯತ್ಯಾಸ ಇಲ್ಲ. ಯಾಕೆ?

ಆರ್. ಡಿಟ್ಮರ್


ಕೆಡ್ರನ್
ಜೂನ್ 24

ರಸೆಲ್,

"ಯಾಕೆ?" ಅಂತ ಒಂದು ಪದ ಟೈಪ್ ಮಾಡಿಸಿ ಕಳಿಸಿಬಿಟ್ಟೆ. ಸುಮ್ಮನೆ ಆಕಸ್ಮಿಕ, ಎಂಟು ಪಂದ್ಯದಲ್ಲಿ ಏನು ಗೊತ್ತಾಗುತ್ತದೆ ಅಂತ ಬರೆಯೋಣ ಅಂದುಕೊಂಡು ಕೂತೆ. ಬರೆಯಲಾಗಲಿಲ್ಲ. ಆಮೇಲೆ ಬ್ರೂಡರ್ ಎಸೆದ ಮೂರು ಪಂದ್ಯ ನೋಡಿದ್ದೇನೆ. ನಿನ್ನ ಪುಸ್ತಕ ಹೇಳುವುದು ನಿಜ.

ಮಿಸ್ ಒಡೆಲ್, ಇದು ನಿನಗಾಗಿ, ಅವನಿಗೆ ಗೊತ್ತು. ಕ್ಯಾಚರ್ ಕುಕ್ಕರಗಾಲಲ್ಲಿ ಕೂತು ತೊಡೆಗಳ ನಡುವೆ ಬೆರಳು ತೋರಿಸುತ್ತಾನೆ. ಒಂದು ಬೆರಳು ಅಂದರೆ ವೇಗದ ಚೆಂಡು, ಎರಡು ಅಂದರೆ ಬಾಗುವ ಚೆಂಡು. ಅರವತ್ತಡಿ ದೂರದಲ್ಲಿ ನಿಂತ ಪಿಚರ್ ಅದನ್ನು ನೋಡಿ ಎಸೆಯಬೇಕು. ಎರಡು ಬೆರಳು ತೋರಿಸಿದಾಗ ವೇಗದ್ದು ಬಂತೋ, ಕ್ಯಾಚರ್‌ನ ಗ್ಲೌಸ್ ಒಂದು ಕಡೆ, ಚೆಂಡು ಒಂದು ಕಡೆ. ನನ್ನ ಬೆರಳು ಹೀಗಾದದ್ದು ಹಾಗೆಯೇ.

ಲಂಡ್‌ಗ್ರೆನ್‌ಗೆ ಒಂದೇ ಸಂಜೆಯಲ್ಲಿ ಮೂರು ಸಲ ಹೀಗಾಯಿತು. ಮೂರನೆಯದು ಕತ್ತಿನ ಬುಡಕ್ಕೆ ಬಡಿಯಿತು. ಮಾಸ್ಕ್ ಕಿತ್ತೆಸೆದು, "ಲೋ ಬ್ರೂಡರ್, ಬೆರಳು ಎಣಿಸೋಕೆ ಬರಲ್ವೇನೋ ನಿಂಗೆ?" ಅಂತ ಕೂಗಿದ. ನೋಡಲು ಬಂದಿದ್ದವರೆಲ್ಲ ನಕ್ಕರು. ಬ್ರೂಡರ್ ನೆಲ ನೋಡುತ್ತಾ ನಿಂತ. ನೆಬ್ರಾಸ್ಕದ ರೈತರ ಮನೆ ಹುಡುಗ, ಬಾಯಿಯೇ ಇಲ್ಲ.

ಪೆರಾಲ್ಟನ ಹತ್ತಿರ ಇದು ಒಮ್ಮೆಯೂ ಆಗಲಿಲ್ಲ. ಅವನು ಬೇರೆ ಏನು ಮಾಡುತ್ತಾನೆ ಅಂತ ನೋಡಲು ಬೇಸ್‌ನ ಹಿಂದೆ ಕೂತೆ, ಬಲಗಡೆ ಕೂತೆ, ಎಡಗಡೆ ಕೂತೆ. ಏನೂ ಮಾಡುವುದಿಲ್ಲ. ಕೂರುತ್ತಾನೆ, ಹಿಡಿಯುತ್ತಾನೆ, ವಾಪಸ್ ಎಸೆಯುತ್ತಾನೆ. ಗಸ್ ಬಂದು ಕೇಳಿದ:

"ಏನು ಕಳ್ಕೊಂಡಿದ್ದೀಯೋ ಮುದುಕ? ದಿನಾ ಒಂದೊಂದು ಕಡೆ ಕೂರ್ತೀಯ."

"ಪೆರಾಲ್ಟ ಇದ್ರೆ ಬ್ರೂಡರ್ ಯಾಕೆ ಗೆಲ್ತಾನೆ ಅಂತ ನೋಡ್ತಿದ್ದೀನಿ."

"ಗೆದ್ದಾಗ ಯಾಕೆ ಅಂತ ಕೇಳೋ ಮನುಷ್ಯ ನೀನೊಬ್ನೇ ಕಣೋ. ನನ್ನ ಕೆಲಸ ಹೋಗೋದು ಸೋತಾಗ."

ಈ ಮೈದಾನದಲ್ಲಿ ನಾನು ಕೂರದ ಜಾಗ ಇನ್ನೊಂದೇ ಉಳಿದಿದೆ. ಅಲ್ಲಿಗೂ ಹೋಗುತ್ತೇನೆ.

ಓರಿನ್


ಕೆಡ್ರನ್
ಜುಲೈ 8

ರಸೆಲ್,

ನಿನ್ನ ಕಿವಿಗೆ ಬೀಳುವ ಮೊದಲು ನಾನೇ ಹೇಳುತ್ತೇನೆ. ಹೋದ ತಿಂಗಳ ಕೊನೆಯ ಶನಿವಾರ, ಬ್ರೂಡರ್ ಎಸೆಯುತ್ತಿದ್ದಾಗ, ನನ್ನನ್ನು ಪೊಲೀಸಿನವನು ಏಣಿಯಿಂದ ಇಳಿಸಿದ.

ಪಿಚರ್ ಬೆನ್ನ ಹಿಂದೆ, ಬೇಲಿಯಾಚೆ, ಜೋಳ ತುಂಬುವ ಎತ್ತರದ ಉಗ್ರಾಣ ಇದೆ. ಅದರ ಕಬ್ಬಿಣದ ಮೆಟ್ಟಿಲು ಹತ್ತಿ ದುರ್ಬೀನು ಹಿಡಿದು ಕೂತೆ. ಪಿಚರ್ ನೋಡುವುದನ್ನು ನಾನೂ ನೋಡಬೇಕಲ್ಲ. ಎದುರು ತಂಡದ ಮ್ಯಾನೇಜರ್‌ಗೆ ಗಾಜು ಹೊಳೆದದ್ದು ಕಂಡಿತು. ಕೆಡ್ರನ್‌ನವರು ಮುದುಕನನ್ನು ಹತ್ತಿಸಿ ನಮ್ಮ ಸನ್ನೆ ಕದಿಯುತ್ತಿದ್ದಾರೆ ಅಂತ ಗಲಾಟೆ ಎಬ್ಬಿಸಿದ. ಆಟ ನಿಂತಿತು. ಅಂಪೈರ್ ಸೊಂಟದ ಮೇಲೆ ಕೈ ಇಟ್ಟುಕೊಂಡು ನನ್ನ ಕಡೆ ನೋಡಿದ. ಪೊಲೀಸಿನವನು ಕೆಳಗೆ ನಿಂತು, "ಇಳಿ ತಾತ, ಬಿದ್ದು ಗಿದ್ದೀಯ" ಅಂದ. "ನಾನು ನಮ್ಮೋರ ಸನ್ನೇನೇ ನೋಡ್ತಿದ್ದೀನಿ ಕಣಯ್ಯ" ಅಂದೆ. "ಅದನ್ನ ನೋಡೋಕೆ ಮೇಲೆ ಹತ್ತಬೇಕಾ? ಹೋಗಿ ಕೇಳಿದ್ರೆ ಹೇಳಲ್ವಾ?" ಅಂದ. ಒಂದೊಂದೇ ಮೆಟ್ಟಿಲು ಇಳಿದೆ.

ಆದರೆ ಅಷ್ಟರಲ್ಲಿ ನೋಡುವುದನ್ನು ನೋಡಿದ್ದೆ. ಪೆರಾಲ್ಟ ಬಲಗೈ ಉಗುರುಗಳಿಗೆ ಬಣ್ಣ ಹಚ್ಚಿದ್ದಾನೆ. ಹೆಂಗಸರು ಹಚ್ಚುವ ಗುಲಾಬಿ ಬಣ್ಣ. ಸಂಜೆಯ ಮಬ್ಬಿನಲ್ಲಿ ತೊಡೆಗಳ ನಡುವಿನ ಕತ್ತಲಲ್ಲಿ ಅವು ದೀಪದ ಹುಳುವಿನ ಹಾಗೆ ಹೊಳೆಯುತ್ತವೆ.

ಇದು ಹೊಸದಲ್ಲ. ನಾವೂ ಬೆರಳಿಗೆ ಬಿಳಿ ಪಟ್ಟಿ ಸುತ್ತುತ್ತಿದ್ದೆವು, ನಿನಗೆ ನೆನಪಿರಬೇಕು. ಇಲ್ಲಿನ ದೀಪಗಳು ಮಂಕು, ಅದಕ್ಕೆ ಹಚ್ಚಿದ್ದಾನೆ ಅಂದುಕೊಂಡೆ. ಆದರೆ ಭಾನುವಾರ ಬೇರೆ ಹುಡುಗ ಎಸೆದ, ಪೆರಾಲ್ಟನ ಉಗುರು ಬೋಳು. ಸೋಮವಾರ ಬೋಳು. ಮಂಗಳವಾರ ಬೋಳು. ಗುರುವಾರ ಬ್ರೂಡರ್ ಎಸೆದ, ಮಧ್ಯಾಹ್ನದ ಸುಡುಬಿಸಿಲಿನ ಪಂದ್ಯ, ಬಣ್ಣ ಇತ್ತು! ಬಿಸಿಲಿನಲ್ಲಿ ಯಾಕೆ ಬೇಕು?

ಪೆರಾಲ್ಟನನ್ನು ಹಿಡಿದು ಕೇಳಿದೆ. "ಏನೋ ಇದು, ಮದುವೆಗೆ ಹೊರಟಿದ್ದೀಯಾ?"

"ಇಲ್ಲ ಡಾನ್ ಓರಿನ್. ಸುಂದರ."

"ಯಾರೋ ಸುಂದರ?"

"ನಾನು."

ಅಂದು ಹಲ್ಲು ಕಿಸಿದ. ಡಾನ್ ಅನ್ನುವುದು ಅವರಲ್ಲಿ ಹಿರಿಯರಿಗೆ ಕೊಡುವ ಮರ್ಯಾದೆ. ಮರ್ಯಾದೆ ಕೊಡುತ್ತಾ ನನ್ನ ಕಣ್ಣಿಗೆ ಮಣ್ಣೆರಚುತ್ತಿದ್ದಾನೆ. ಹುಡುಗರೆಲ್ಲ ಅವನನ್ನು "ಸೆನೋರಿಟಾ", ಅಂದರೆ ಅವರ ಭಾಷೆಯಲ್ಲಿ ಕುಮಾರಿ, ಅಂತ ರೇಗಿಸುತ್ತಾರೆ, ತಲೆ ಕೆಡಿಸಿಕೊಳ್ಳುವುದಿಲ್ಲ. ಅವನೂ ಬ್ರೂಡರನೂ ಮಿಸೆಸ್ ಹಲ್ವರ್ಸನ್ ಮನೆಯ ಮಹಡಿಯ ಒಂದೇ ಕೋಣೆಯಲ್ಲಿ ಇರುತ್ತಾರೆ.

ಇನ್ನೊಂದು ಗಮನಿಸಿದೆ. ಹೋಟೆಲಿನ ಗೋಡೆಯ ಮೇಲೆ ತಿಂಡಿಗಳ ಹೆಸರು ಬರೆದ ಹಲಗೆ ಇದೆ. ಬ್ರೂಡರ್ ಅದರ ಕಡೆ ನೋಡುವುದೇ ಇಲ್ಲ. ಮುಂದಿನವನು ಏನು ಹೇಳುತ್ತಾನೋ, "ನಂಗೂ ಅದೇ." ಎರಡು ದಿನ ನಾನೇ ಮುಂದೆ ನಿಂತು ಈಲಿ ಹುರಿದದ್ದು ಕೇಳಿದೆ. ಪಾಪ, ಎರಡು ದಿನವೂ ಅದನ್ನೇ ತಿಂದ.

ವಸಂತದ ಶಿಬಿರದಲ್ಲಿ ಎಲ್ಲರ ಕಣ್ಣು ಪರೀಕ್ಷೆ ಆಗಿರುತ್ತದೆ. ಬ್ರೂಡರ್‌ನದು ಏನು ಬರೆದಿದೆ ನೋಡಿ ಹೇಳು.

ಓರಿನ್


ಜುಲೈ 15, 1974

ಮಾನ್ಯ ಹ್ಯಾಸ್ಕೆಲ್ ಅವರಿಗೆ,

ಬ್ರೂಡರ್‌ನ ಕಾರ್ಡು ಸ್ವಚ್ಛವಾಗಿದೆ. ಎರಡೂ ಕಣ್ಣು ಸರಿ. ನರ್ಸ್‌ಗೆ ಅವನು ಚೆನ್ನಾಗಿ ನೆನಪಿದ್ದಾನೆ. ತಮಾಷೆಯ ಹುಡುಗ ಎಂದಳು. ಗೋಡೆಯ ಮೇಲಿನ ಅಕ್ಷರಗಳನ್ನೆಲ್ಲ ಸರಿಯಾಗಿ ಓದಿ, ಇಂಗ್ಲಿಷಿನ ಕೊನೆಯ ಅಕ್ಷರ "ಜೀ" ಬಂದಾಗ ಮಾತ್ರ ಸ್ಪ್ಯಾನಿಷ್‌ನವರ ಹಾಗೆ "ಸೇತಾ" ಎಂದನಂತೆ. ಅವನ ಮುಂದೆ ಸಾಲಿನಲ್ಲಿ ನಿಂತು ಓದಿದವನು ಪೆರಾಲ್ಟ. ಅವನನ್ನು ಅಣಕಿಸುತ್ತಿದ್ದಾನೆ ಎಂದು ಎಲ್ಲರೂ ನಕ್ಕರಂತೆ.

ಏಣಿಯ ವಿಷಯ ಮೊದಲೇ ತಿಳಿದಿತ್ತು. ದಯವಿಟ್ಟು ಮತ್ತೆ ಹತ್ತಬೇಡಿ.

ಆರ್. ಡಿಟ್ಮರ್


ಕೆಡ್ರನ್
ಜುಲೈ 22

ರಸೆಲ್,

ಹುಡುಕುತ್ತಿದ್ದದ್ದು ಸಿಕ್ಕಿತು. ನಿನ್ನ "ಯಾಕೆ"ಗೆ ಉತ್ತರ ನನ್ನ ಹತ್ತಿರ ಇದೆ. ಬರೆಯುವುದಿಲ್ಲ.

ಲಂಡ್‌ಗ್ರೆನ್‌ನನ್ನು ತೆಗೆದುಕೋ ಅಂತ ಜೂನ್‌ನಲ್ಲಿ ಬರೆದದ್ದನ್ನು ಹರಿದು ಹಾಕು. ಪೆರಾಲ್ಟನನ್ನು ಮೇಲಕ್ಕೆ ಕರೆಸು. ಅಂಕಗಳು ಮೊದಲಿನವೇ, ಕೈಗೆ ನಲವತ್ತು, ನಲವತ್ತೊಂದೂ ಬೇಡ.

ಕಾರಣ ಬರೆದರೆ ಪೆರಾಲ್ಟ ಉಳಿಯುತ್ತಾನೆ, ಇನ್ನೊಬ್ಬನ ಕೆಲಸ ಹೋದರೂ ಹೋಗಬಹುದು. ಬರೆಯದಿದ್ದರೆ ಪೆರಾಲ್ಟ ಊರಿಗೆ. ಅವನನ್ನೇ ಕರೆದು ಇದನ್ನು ಹೇಳಿದೆ, ಅಂಗಳದ ಧೂಳಿನಲ್ಲಿ ಕಡ್ಡಿಯಿಂದ ಗೆರೆ ಎಳೆದು. ಪೂರ್ತಿ ಅರ್ಥವಾಯಿತು. ನನ್ನ ಜೇಬಿನಲ್ಲಿದ್ದ ಪೆನ್ನು ತೆಗೆದು, ಮುಚ್ಚಳ ಹಾಕಿ, ವಾಪಸ್ ಜೇಬಿಗಿಟ್ಟ.

ನನಗೆ ಸಿಟ್ಟು ಬಂತು. "ಅಯ್ಯಾ, ನೀನು ಮುಚ್ಚಿಡ್ತಿರೋದು ಒಳ್ಳೇದಲ್ಲ. ಹೊಡೆದ ಚೆಂಡು ವಾಪಸ್ ಅವನ ಮುಖಕ್ಕೇ ಬಂದ್ರೆ? ಅವನಿಗೆ ಕಾಣೋ ಹೊತ್ತಿಗೆ ಹಲ್ಲು ಉದುರಿರುತ್ತೆ" ಅಂತ ಬೈದೆ. ಕೈಯಲ್ಲಿ ಅಭಿನಯಿಸಿ ತೋರಿಸಿದೆ. ಅವನ ನಗು ಹೋಯಿತು. ಅದರ ಬಗ್ಗೆ ಅವನು ಯೋಚಿಸಿರಲೇ ಇಲ್ಲ.

ಈ ಕಾಗದ ಮಿಸ್ ಒಡೆಲ್‌ಗೆ ಕೊಡಬೇಡ.

ಓರಿನ್


ಜುಲೈ 29, 1974

ಮಾನ್ಯ ಹ್ಯಾಸ್ಕೆಲ್ ಅವರಿಗೆ,

ಊಹಿಸುವುದು ನನಗೂ ಬರುತ್ತದೆ. ಆದರೆ ಊಹೆಯನ್ನು ಫೈಲಿನಲ್ಲಿ ಇಡಲಾಗದು. ಮೂವತ್ತು, ಮೂವತ್ತೈದು, ನಲವತ್ತು ಅಂಕದ ಕ್ಯಾಚರ್‌ನನ್ನು ಎಪ್ಪತ್ತರವನ ಬದಲು ಮೇಲಕ್ಕೆ ಕಳಿಸಲು ಬರೆದ ಕಾರಣ ಬೇಕು. ಇಲ್ಲದಿದ್ದರೆ ಆಗಸ್ಟ್ 31ರಂದು ಪೆರಾಲ್ಟನ ಹೆಸರು ಕೈಬಿಡುವ ಪಟ್ಟಿಗೆ ಹೋಗುತ್ತದೆ.

1951ರಲ್ಲಿ ಒಬ್ಬ ಪಿಚರ್‌ನ ವಿಷಯ ಹೇಳಲು ನೀವು ಇಷ್ಟು ಯೋಚಿಸಿರಲಿಲ್ಲ.

ಆರ್. ಡಿಟ್ಮರ್


ಕೆಡ್ರನ್
ಆಗಸ್ಟ್ 19

ರಸ್,

ನಿನ್ನ ಕಾಗದ ಬಂದು ಮೂರು ವಾರ ಆಯಿತು. ಕೊನೆಯ ಸಾಲು ಓದಿ ಮಡಚಿಟ್ಟವನು ಮತ್ತೆ ಬಿಚ್ಚಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಇಲ್ಲಿ ಆದದ್ದು ಕೇಳು. ಇದನ್ನೆಲ್ಲ ಬರೆಯಿರಿ ಅಂತ ಬ್ರೂಡರ್ ತಾನೇ ಹೇಳಿದ್ದಾನೆ, ಇಲ್ಲದಿದ್ದರೆ ಈಗಲೂ ಬರೆಯುತ್ತಿರಲಿಲ್ಲ.

ಬ್ರೂಡರ್‌ಗೆ ದೂರದ್ದು ಕಾಣುವುದಿಲ್ಲ. ಗ್ಲೌಸ್ ದೊಡ್ಡದು, ಕಂದು ಮುದ್ದೆಯಂತೆ ಕಾಣುತ್ತದೆ, ಅದಕ್ಕೆ ಗುರಿಯಿಟ್ಟು ಎಸೆಯುತ್ತಾನೆ. ಬೆರಳು ಕಾಣುವುದಿಲ್ಲ. ಅವನ ಊರಿನ ಹುಡುಗನೊಬ್ಬ ಕನ್ನಡಕ ಹಾಕಿಕೊಂಡು ಆಯ್ಕೆಗೆ ಹೋದನಂತೆ, ಒಂದು ಚೆಂಡು ಎಸೆಯುವ ಮೊದಲೇ ಮನೆಗೆ ಕಳಿಸಿದರಂತೆ. ಅದಕ್ಕೆ ಇವನು ಬಾಯಿ ಬಿಡಲಿಲ್ಲ. ಕಣ್ಣು ಪರೀಕ್ಷೆಯಲ್ಲಿ ಮುಂದಿನವನು ಓದಿದ್ದನ್ನು ಬಾಯಿಪಾಠ ಮಾಡಿ ಒಪ್ಪಿಸಿದ. ಮುಂದಿನವನು ಪೆರಾಲ್ಟ. ಬೇರೆ ಅಕ್ಷರಗಳಿಗೆ ಇಂಗ್ಲಿಷ್ ಹೆಸರು ಕಲಿತಿದ್ದ, "ಜೀ" ಮಾತ್ರ ಮರೆತು ತನ್ನ ಭಾಷೆಯಲ್ಲಿ "ಸೇತಾ" ಅಂದ. ಹಿಂದಿನವನೂ "ಸೇತಾ" ಅಂದ. ಕೋಣೆಯಲ್ಲಿದ್ದವರೆಲ್ಲ ಅಣಕ ಅಂತ ನಕ್ಕರು. ನಗದೇ ಇದ್ದವನು ಪೆರಾಲ್ಟ ಒಬ್ಬನೇ. ಇವನಿಗೆ ಕಾಣುತ್ತಿಲ್ಲ ಅಂತ ಆ ಕ್ಷಣವೇ ಗೊತ್ತಾಯಿತಂತೆ. ಹೊರಗೆ ಬಂದು ಅವನ ತೋಳು ಹಿಡಿದು, ತನ್ನ ಕಣ್ಣು ತೋರಿಸಿ, ಬೆರಳು ಅಡ್ಡ ಆಡಿಸಿದನಂತೆ. ಬ್ರೂಡರ್ ಹೌದು ಅಂದ. ಕೆಡ್ರನ್‌ಗೆ ಬಂದ ಮೊದಲ ವಾರವೇ ಪೆರಾಲ್ಟ ಔಷಧಿ ಅಂಗಡಿಗೆ ಹೋಗಿ ಉಗುರುಬಣ್ಣ ತಂದ.

ನಾನು ಬೈದ ಮೇಲೆ ಏನು ಮಾಡಿದ ಗೊತ್ತಾ? ಬಣ್ಣ ಹಚ್ಚುವುದು ಬಿಟ್ಟ. ಬ್ರೂಡರ್ ಎಸೆಯುವ ದಿನ ಬೋಳು ಉಗುರು ತೋರಿಸಿ, "ಕನ್ನಡಕ. ಇಲ್ಲ ಅಂದ್ರೆ ನಂಗೆ ಕಾಲು ನೋವು" ಅಂದ. ಬ್ರೂಡರ್ ಕೆಂಡವಾದ. "ನೀನೂ ನನ್ನ ಕತ್ತು ಕುಯ್ತೀಯೇನೋ?" ಅಂತ ಕಿರುಚಿದ್ದು ಕೆಳಗಿನ ಮಿಸೆಸ್ ಹಲ್ವರ್ಸನ್‌ಗೂ ಕೇಳಿಸಿತಂತೆ. ಪೆರಾಲ್ಟ ಹೋಗಿ ಗಸ್‌ಗೆ ಕಾಲು ನೋವು ಅಂದ. ಲಂಡ್‌ಗ್ರೆನ್ ಕ್ಯಾಚರ್ ಆದ.

ಐದನೇ ಸರದಿಯಲ್ಲಿ ಹೊಡೆದ ಚೆಂಡು ನೇರ ಬ್ರೂಡರ್‌ನ ಮುಖದ ಕಡೆ ಬಂತು. ಅವನು ಕದಲಲೇ ಇಲ್ಲ. ಕಿವಿ ಸವರಿಕೊಂಡು ಹೋಯಿತು, ಟೋಪಿ ಹಾರಿತು. ಆಮೇಲೆ ಕೈ ಎತ್ತಿ ಕಿವಿ ಇದೆಯಾ ಅಂತ ಮುಟ್ಟಿ ನೋಡಿಕೊಂಡ. ನಾನು ಎದ್ದು ನಿಂತಿದ್ದೆ. ಪೆರಾಲ್ಟ ಬೆಂಚಿನಿಂದ ಓಡಿ ಹೋಗಿದ್ದ, ಕಾಲು ನೋವು ಅಂತ ಹೇಳಿದ್ದೂ ಮರೆತು.

ಮರುದಿನ ಮೂವರೂ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಡಾಕ್ಟರು ಗೋಡೆ ತೋರಿಸಿ "ಓದು" ಅಂದರು. ಬ್ರೂಡರ್ ಕಣ್ಣು ಕಿರಿದು ಮಾಡಿ, "ಅಲ್ಲಿ ಏನಾದ್ರೂ ಬರೆದಿದ್ಯಾ ಸರ್?" ಅಂದ. ಅವರು ಕನ್ನಡಕ ಕೊಟ್ಟ ದಿನ ಬೀದಿಯಲ್ಲಿ ನಿಂತು ಎದುರಿನ ಅಂಗಡಿಗಳ ಹೆಸರೆಲ್ಲ ಜೋರಾಗಿ ಓದಿದ, ಮಗುವಿನ ಹಾಗೆ.

ಕನ್ನಡಕ ಹಾಕಿಕೊಂಡ ಮೊದಲ ಪಂದ್ಯದ ಮೊದಲ ಸರದಿಯಲ್ಲಿ ಗುರಿ ತಪ್ಪಿ ಎಸೆದೆಸೆದು ನಾಲ್ಕು ಜನರನ್ನು ಪುಕ್ಕಟೆ ಬೇಸಿಗೆ ಕಳಿಸಿದ. ಯಾಕೋ ಅಂದರೆ, "ಸರ್, ಬ್ಯಾಟ್ ಹಿಡಿದೋರ ಮುಖ ಇವತ್ತೇ ನೋಡಿದ್ದು. ಎಲ್ಲಾ ಎಷ್ಟು ಸಿಟ್ಟಲ್ಲಿರ್ತಾರೆ!" ಆಮೇಲೆ ಸರಿಹೋದ. ಹನ್ನೊಂದು ಜನರನ್ನು ಔಟ್ ಮಾಡಿದ, ಗೆದ್ದ. ನಿನ್ನೆ ಮತ್ತೆ ಗೆದ್ದ.

ಎರಡೂ ಸಲ ಕ್ಯಾಚರ್ ಲಂಡ್‌ಗ್ರೆನ್.

ಅಂದರೆ ನಿನ್ನ ಸ್ಕೋರ್ ಪುಸ್ತಕದಲ್ಲಿದ್ದ ವಿಚಿತ್ರ ಮುಗಿಯಿತು. ಈಗ ಯಾರು ಕೂತರೂ ಬ್ರೂಡರ್ ಗೆಲ್ಲುತ್ತಾನೆ. ಪೆರಾಲ್ಟನ ಪರವಾಗಿ ಇದ್ದದ್ದು ಅದೊಂದೇ ಲೆಕ್ಕ, ಅದನ್ನು ಅವನೇ ಅಳಿಸಿ ಹಾಕಿದ. "ಹೀಗಾಗುತ್ತೆ ಅಂತ ಗೊತ್ತಿರಲಿಲ್ವೇನೋ ದಡ್ಡ?" ಅಂದೆ. ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದವನು ತಲೆ ಎತ್ತಲಿಲ್ಲ. "ಡಾನ್ ಓರಿನ್, ಎಣಿಸೋಕೆ ನಂಗೂ ಬರುತ್ತೆ" ಅಂದ. ಅಷ್ಟು ಇಂಗ್ಲಿಷ್ ಯಾವಾಗ ಕಲಿತನೋ.

ಈಗ ಹೇಳು, ಇದನ್ನು ಇಪ್ಪತ್ತರಿಂದ ಎಂಬತ್ತರಲ್ಲಿ ಎಲ್ಲಿ ಬರೆಯಲಿ? ನಿನ್ನ ಫಾರಂ ತಿರುಗಿಸಿ ಹಿಂಬದಿಯೂ ನೋಡಿದೆ. ಲಂಡ್‌ಗ್ರೆನ್ ಒಳ್ಳೆಯ ಹುಡುಗನೇ. ಅವನಿಗೆ ಇನ್ನೊಂದು ವರ್ಷ ಇಲ್ಲಿ ಕೂತರೆ ನಷ್ಟ ಇಲ್ಲ, ಪಿಚರ್ ತಪ್ಪು ಮಾಡಿದಾಗ ಕೂಗುವ ಮೊದಲು ಯಾಕೆ ಅಂತ ಕೇಳುವುದನ್ನು ಕಲಿಯುತ್ತಾನೆ. ಕೈ ಎಲ್ಲಿಗೂ ಓಡಿಹೋಗುವುದಿಲ್ಲ. ಮೇಲಿನ ತಂಡದಲ್ಲಿ ಹನ್ನೊಂದು ಪಿಚರ್‌ಗಳಿದ್ದಾರೆ. ಹನ್ನೊಂದು ಜನರೂ ಏನಾದರೊಂದು ಮುಚ್ಚಿಟ್ಟುಕೊಂಡೇ ಇರುತ್ತಾರೆ. ಅದನ್ನು ಕಂಡುಹಿಡಿಯುವವನು ಒಬ್ಬ ಬೇಕು, ಕಂಡುಹಿಡಿದು ಮೊದಲು ಅವನ ಹತ್ತಿರವೇ ಹೋಗುವವನು.

ಇನ್ನು ನಿನ್ನ ಕೊನೆಯ ಸಾಲು. 1951ರಲ್ಲಿ ನಿನ್ನ ಭುಜ ಹೋಗಿದ್ದು ಮೊದಲು ಗೊತ್ತಾದದ್ದು ನನಗೆ. ನಿನ್ನ ಚೆಂಡು ನನ್ನ ಗ್ಲೌಸಿಗೆ ಬಡಿಯುವ ಸದ್ದು ಬೇರೆಯಾಗಿತ್ತು. ಅಂಗಿ ತೊಡುವಾಗ ನೀನು ಎಡಗೈಯಿಂದ ಬಲಗೈ ಎತ್ತಿ ತೋಳಿಗೆ ತೂರಿಸುವುದನ್ನು ನೋಡಿದೆ. ಆ ಮಧ್ಯಾಹ್ನವೇ ಮ್ಯಾನೇಜರ್ ಕೋಣೆಗೆ ಹೋಗಿ ಹೇಳಿದೆ. ಹೇಳಿದ್ದು ತಪ್ಪು ಅಂತ ಈಗಲೂ ಅನ್ನುವುದಿಲ್ಲ. ಇನ್ನು ಹತ್ತು ಪಂದ್ಯ ಎಸೆದಿದ್ದರೆ ಆ ಕೈಯಲ್ಲಿ ಚಮಚವೂ ಎತ್ತುತ್ತಿರಲಿಲ್ಲ. ಆದರೆ ಬಟ್ಟೆ ಬದಲಿಸುವ ಕೋಣೆಯಲ್ಲಿ ನಿನ್ನ ಪೆಟ್ಟಿಗೆ ನನ್ನ ಪೆಟ್ಟಿಗೆಯ ಪಕ್ಕದಲ್ಲೇ ಇತ್ತು. ನಿನ್ನನ್ನು ದಾಟಿಕೊಂಡು ಹೋದೆ. ಇಪ್ಪತ್ತೆರಡು ವರ್ಷದ ಹುಡುಗ ನೀನು, "ಎಲ್ಲಿಗೆ ಓರಿನ್?" ಅಂದೆ. "ನೀರು ಕುಡಿಯೋಕೆ" ಅಂದೆ ನಾನು.

ಇಪ್ಪತ್ತೊಂದು ವರ್ಷದ ಪೆರಾಲ್ಟ, ಭಾಷೆ ಬರದವನು, ತನ್ನ ಪಿಚರ್‌ಗೆ ಹಾಗೆ ಮಾಡಲಿಲ್ಲ. ನಿನಗೆ ಬರೆದ ಕಾರಣ ಬೇಕಿತ್ತಲ್ಲ, ಇದೇ. ಫೈಲಿನಲ್ಲಿ ಇಡು. ಮಿಸ್ ಒಡೆಲ್ ಟೈಪ್ ಮಾಡಿದರೂ ಅಡ್ಡಿಯಿಲ್ಲ.

ಪೆರಾಲ್ಟ ಮೇಲಕ್ಕೆ ಬರುತ್ತಾನೋ ಇಲ್ಲವೋ, ಹೌದು ಅಥವಾ ಇಲ್ಲ ಅಂತ ಬರೆದು ಕಳಿಸು. ಟೈಪ್ ಬೇಡ, ನಿನ್ನ ಕೈಯಲ್ಲೇ ಬರೆ. ಆಗಸ್ಟ್ 28, ಬುಧವಾರದೊಳಗೆ ನನಗೆ ಸಿಗಬೇಕು.

ಓರಿನ್